ಹೋರಿಗೆ ತಲುಪಿದ್ದು

ಕಸಾಯಿಖಾನೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ದೊಡ್ಡಿಯ ಕಂಬಿಗೆ ಹಣೆಯಾನಿಸಿ, ಒಳಗಿರುವ ದನದೊಂದಿಗೆ ಮನಸ್ಸಿನಲ್ಲೇ ಮಾತಾಡಿ, ಅದು ಶಾಂತವಾಗಿದೆಯೇ ಎಂದು ತಿಳಿಯುವುದು ಅವಳ ಕೆಲಸ. ಅದರಲ್ಲಿ ಪವಾಡವೇನೂ ಇರಲಿಲ್ಲ. ಮೂಗು, ಕಿವಿಗಳಂತೆ ಅದೂ ಒಂದು ಇಂದ್ರಿಯ, ಅವುಗಳಂತೆಯೇ ಮಿತಿಯುಳ್ಳದ್ದು. ದನ ಸುಳ್ಳು ಹೇಳದು. ಆದರೆ ಆ ಕ್ಷಣದಾಚೆಗಿನದೇನನ್ನೂ ಹೇಳದು. ಅವಳು "ಹೋಗು" ಎಂದ ಮೇಲೆ ಅವಳ ಒಡಹುಟ್ಟಿದ ತಮ್ಮ ಸುತ್ತಿಗೆ ಹಿಡಿದು ಒಳಹೋಗುತ್ತಿದ್ದ. ಒಮ್ಮೆ ಕೇಳಿದರೆ ಸಾಕೆಂಬುದು ಅಲ್ಲಿನ ರೂಢಿ.

ಆ ಬೆಳಿಗ್ಗೆ ಬಂದದ್ದು ಕೆಂಪು ಹೋರಿ.

"ಏನಂತಾರೆ ಸಾಹೇಬ್ರು?" ತಮ್ಮ ಹೋರಿಯತ್ತ ನೋಡಿ ಕೇಳಿದ.

"ಬೆನ್ನ ಮೇಲೆ ನೊಣ ಅಂತೆ. ಬೇರೇನಿಲ್ಲ. ಹೋಗು."

"ನನ್ನ ಹೆಂಡ್ತಿಗಿಂತ ವಾಸಿ. ಅವಳನ್ನ ಕೇಳಿದ್ರೆ ಬೆಳಗಾದ್ರೂ ಮುಗಿಯಲ್ಲ."

ನಗುತ್ತಲೇ ಒಳಗೆ ಕಾಲಿಟ್ಟ. ಹಿಂದೆ ಬಾಗಿಲ ಸರಪಳಿ ಜಾರಿ ಕಲ್ಲುಹಾಸಿನ ಮೇಲೆ ಬಿತ್ತು. ಆ ಸದ್ದಿಗೆ ಹೋರಿಯ ಮನಸ್ಸಿನಿಂದ ನೊಣ ಮಾಯವಾಗಿ ಬರೀ ಬೆಂಕಿ ಉಳಿಯಿತು. ಅದು ಅವನನ್ನು ಗೋಡೆಗೆ ಗುಮ್ಮಿತು. ಕೊಂಬು ತೊಡೆಯನ್ನು ಸೀಳಿತು. ತಲೆ ಎದೆಯನ್ನು ಅಮುಕಿ ನಿಂತಿತು. ಪಕ್ಕೆಲುಬು ಮುರಿದ ಸದ್ದು ಹೊರಗಿದ್ದವರಿಗೂ ಕೇಳಿಸಿತು.

ಬಿಡು, ಅವನು ನನ್ನ ತಮ್ಮ, ಎಂದು ಅವಳು ಒಳಗೊಳಗೇ ಚೀರಿದಳು. ಹೋರಿಗೆ ತಮ್ಮನೆಂದರೇನೆಂದು ಗೊತ್ತಿಲ್ಲ. ಅದಕ್ಕೆ ತಲುಪಿದ್ದು ಅವಳ ಭಯವೊಂದೇ. ಅದರಿಂದ ಇನ್ನಷ್ಟು ಬೆದರಿ ಇನ್ನಷ್ಟು ಅಮುಕಿತು. ತಮ್ಮನ ಬಾಯಿಂದ ರಕ್ತ ಉಕ್ಕಿತು. ಅವಳಿಗೆ ಹೊಳೆಯಿತು: ಅವನು ಉಳಿಯಬೇಕಾದರೆ, ಈಗ ಅವನಿಗಾಗಿ ತನಗೇನೂ ಅನ್ನಿಸಬಾರದು.

ಅವಳು ಹುಲ್ಲನ್ನು ನೆನೆದಳು. ಒದ್ದೆ ಹುಲ್ಲು, ಬೆನ್ನಿಗೆ ಎಳೆಬಿಸಿಲು. ಅವಳ ಹುಬ್ಬಿನ ಗಂಟು ಬಿಚ್ಚಿತು. ತುಟಿಯ ಮೇಲೆ ನಗುವಿನಂಥದ್ದೇನೋ ಮೂಡಿತು. ಹೋರಿಯ ಕುತ್ತಿಗೆ ಸಡಿಲವಾಯಿತು. ಅದು ಅವಳತ್ತ ತಲೆ ತಿರುಗಿಸಿದ್ದೇ ತಡ, ಹೊರಗೆ ನಿಂತಿದ್ದ ಮೇಸ್ತ್ರಿ ಕಂಬಿ ಹಾರಿ, ಕೆಳಗೆ ಬಿದ್ದಿದ್ದ ಸುತ್ತಿಗೆಯನ್ನೆತ್ತಿ ಬಡಿದ. ಮೊದಲ ಏಟು ಹಣೆ ತಪ್ಪಿ ಕಣ್ಣನ್ನು ಒಡೆಯಿತು. ಮತ್ತೆ ಮತ್ತೆ ಬಡಿದ. ಹೋರಿಯ ನೋವೆಲ್ಲ ಅವಳೊಳಗೆ ಹಾಯ್ದರೂ, ಅದು ನೆಲಕ್ಕುರುಳುವ ತನಕ ಅವಳು ಹುಲ್ಲನ್ನು ಬಿಡಲಿಲ್ಲ.

ತಮ್ಮ ಬದುಕಿದ. ಮಾತಾಡುವಷ್ಟು ಉಸಿರು ಬಂದ ದಿನ ಮೊದಲು ಹೇಳಿದ್ದು ಇದನ್ನೇ.

"ನಾನು ನಿನ್ನ ಮುಖಾನೇ ನೋಡ್ತಿದ್ದೆ, ಅಕ್ಕಾ. ನೀನು ನಗ್ತಿದ್ದೆ."

"ಹೋರಿಗೆ ಹೆದರಿಕೆ ಆಗಬಾರದಿತ್ತು ಕಣೋ."

"ನಂಗಾಯ್ತಲ್ಲ."

ಅವಳು ಅವನ ಕೈ ಹಿಡಿಯಹೋದಳು. ಅವನು ಗೋಡೆಯ ಕಡೆಗೆ ಹೊರಳಲು ನೋಡಿದ, ಪಕ್ಕೆಲುಬು ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡ.