ಎಡಕ್ಕೆ ಖಾಲಿ ಗೋಡೆ

ನಮ್ಮ ಮನೆಯಲ್ಲಿ ಏನಾದರೂ ಕಳೆದರೆ ಹುಡುಕಿಕೊಡುವವಳು ನಾನು. ಸೀರೆಗೆ ಫಾಲ್ ಹಚ್ಚುವ ದಾರದ ಬಣ್ಣ ಹೊಂದಿಸಲು ಅಕ್ಕಪಕ್ಕದವರು ನನ್ನನ್ನೇ ಕರೆಯುತ್ತಾರೆ. ಅನ್ನದಲ್ಲಿ ಕಲ್ಲು ಸಿಕ್ಕರೆ, ಇದು ನೀನು ಊರಲ್ಲಿಲ್ಲದ ದಿನ ಆರಿಸಿದ ಅಕ್ಕಿ ಎಂದು ಯಜಮಾನರು ತಟ್ಟೆಯ ಅಂಚಿಗೆ ಅದನ್ನು ಇಡುತ್ತಾರೆ. ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ಪುಟದ ಎಡಕ್ಕೆ ಕೆಂಪು ಪೆನ್ಸಿಲಿನಲ್ಲಿ ಮಾರ್ಜಿನ್ ಎಳೆಸುತ್ತಿದ್ದರು. ಗೆರೆ ಕೂದಲೆಳೆಯಷ್ಟು ವಾಲಿದರೂ ಅಳಿಸಿ ಮತ್ತೆ ಎಳೆಯಬೇಕು. ನನ್ನ ಕಣ್ಣು ಚುರುಕಾದದ್ದು ಅವರಿಂದ ಎಂದುಕೊಂಡಿದ್ದೆ. ಕಣ್ಣು ನಿಂತದ್ದು ಮಾತ್ರ ಲಿಂಗಪೂಜೆಯಿಂದ. ಎಡ ಅಂಗೈಯ ಮೇಲೆ ಲಿಂಗವನ್ನಿಟ್ಟುಕೊಂಡು, ದೃಷ್ಟಿಯನ್ನು ಅದರ ಮೇಲೆ ನಿಲ್ಲಿಸಿ, ಅತ್ತಿತ್ತ ಹರಿಯದಂತೆ ಕೂರುವುದನ್ನು ತಾಯಿ ಚಿಕ್ಕಂದಿನಲ್ಲೇ ಕಲಿಸಿದ್ದರು. ಹಿಂದೆ ಪಾತ್ರೆ ಬಿದ್ದರೂ ತಿರುಗಬಾರದು. ನಾನು ತಿರುಗುತ್ತಿರಲಿಲ್ಲ.

ಇಂಥ ನಾನು ಐವತ್ತರ ಹತ್ತಿರ ಬಂದು ವಿಡಿಯೋ ಗೇಮ್ ಹಿಡಿದೆ. ಅದು ಮಗಳದು. ಅವಳು ಇಲ್ಲೇ ಕಾಲೇಜಿಗೆ ಹೋಗುತ್ತಾಳೆ. ಆಡಿ ಸಾಕಾಗಿ ಅದನ್ನು ಟಿವಿಯ ಕೆಳಗೆ ಬಿಟ್ಟಿದ್ದಳು. ದಿನಾ ಅದರ ಧೂಳು ಒರೆಸಿ ಒರೆಸಿ, ಒಂದು ಮಧ್ಯಾಹ್ನ ಸುಮ್ಮನೆ ಹಚ್ಚಿದೆ. ಹರಿಹರದಲ್ಲಿರುವ ನನ್ನ ನಾದಿನಿಯ ಮನೆಯಲ್ಲೂ ಅಂಥದ್ದೇ ಒಂದಿತ್ತು. ಯಜಮಾನರ ತಂಗಿಯಾದರೂ ಅವಳು ನನಗೆ ಗೆಳತಿಯೇ. ಊಟ ಮುಗಿಸಿ ಯಜಮಾನರು ಬಟ್ಟೆ ಅಂಗಡಿಗೆ ಹೋದ ಮೇಲೆ, ಅಲ್ಲಿ ಅವಳು, ಇಲ್ಲಿ ಎಂ.ಸಿ.ಸಿ. ಬಡಾವಣೆಯಲ್ಲಿ ನಾನು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದೆವು. ಪಕ್ಕದಲ್ಲಿ ಒಂದು ಬಟ್ಟಲು ಖಾರಾ ಮಂಡಕ್ಕಿ.

ಆಟ ಇಷ್ಟೇ. ಪಾಳುಬಿದ್ದ ಒಂದು ದೊಡ್ಡ ಕಾರ್ಖಾನೆ. ಇಬ್ಬರು ಜೊತೆಯಾಗಿ ಒಳಗೆ ನುಗ್ಗಿ, ಅಲ್ಲಿರುವ ಸಾಮಾನು ಎತ್ತಿಕೊಂಡು, ಹಿಂದಿನ ಗೇಟಿನಿಂದ ಹೊರಬರಬೇಕು. ಕಾವಲಿನವರ ಕಣ್ಣಿಗೆ ಬಿದ್ದರೆ ಗುಂಡು ಹೊಡೆಯುತ್ತಾರೆ. ಅದಕ್ಕೂ ಮೊದಲು ನಾವು ಹೊಡೆಯಬೇಕು. ಪರದೆಯ ನಟ್ಟನಡುವೆ ಒಂದು ಬಿಳಿ ಚುಕ್ಕಿ. ಅದು ಯಾರ ಮೇಲೆ ಬರುತ್ತದೋ ಅವರಿಗೆ ನಮ್ಮ ಗುಂಡು. ನಾನು ಆ ಚುಕ್ಕಿಯಿಂದ ಕಣ್ಣು ಕೀಳುತ್ತಿರಲಿಲ್ಲ. ಎದುರಿಗೆ ಬಂದವನು ನನ್ನಿಂದ ತಪ್ಪಿಸಿಕೊಂಡದ್ದು ಕಡಿಮೆ. ಬಂದೂಕು ಹಿಡಿದರೂ ನಾನು ಅಕ್ಕಿ ಆರಿಸುವವಳ ಹಾಗೇ ಕೂತಿರುತ್ತೇನೆಂದು ನಾದಿನಿ ನಗುತ್ತಿದ್ದಳು.

ಆದರೆ ನೀರಿನ ಟ್ಯಾಂಕಿರುವ ಅಂಗಳಕ್ಕೆ ಬಂದರೆ ನಾವು ಸೋಲುತ್ತಿದ್ದೆವು. ಟ್ಯಾಂಕಿನ ಪಕ್ಕದಿಂದ ಯಾವನೋ ಬಂದು ಮೊದಲು ನನ್ನನ್ನು, ಆಮೇಲೆ ಅವಳನ್ನು ಮುಗಿಸುತ್ತಿದ್ದ. ತಾನು ಕರೆದು ಹೇಳಿದರೂ ಅತ್ತಿಗೆ ತಿರುಗುವುದಿಲ್ಲ ಎಂದು ಅವಳ ದೂರು. ನೀನು ಹೇಳುವ ಹೊತ್ತಿಗೆ ನಾನು ಸತ್ತಿರುತ್ತೇನೆ ಎಂದು ನನ್ನದು. ಜಗಳ ಎರಡು ಮನೆಯ ಊಟದ ಹೊತ್ತಿಗೂ ಬಂತು. ಯಜಮಾನರಂತೂ ಅವಳ ಫೋನ್ ಬಂದರೆ ಟ್ಯಾಂಕಿನ ಕೇಸೇನಾಯಿತು ಎಂದೇ ಕೇಳುತ್ತಿದ್ದರು. ಕೊನೆಗೆ ಮಗಳು, ಆಟವನ್ನು ರೆಕಾರ್ಡ್ ಮಾಡಿಕೊಂಡು ಆಮೇಲೆ ನೋಡಿ, ಯಾರ ತಪ್ಪೆಂದು ಗೊತ್ತಾಗುತ್ತದೆ, ತಾನೂ ತನ್ನ ಗೆಳತಿಯರೂ ಹಾಗೇ ಕಲಿತದ್ದು ಎಂದು ಹೇಳಿ, ನನ್ನ ಮಾತಿನ ಜೊತೆ ನಾದಿನಿಯದೂ ಸೇರುವಂತೆ ಮಾಡಿಕೊಟ್ಟಳು. ವಾದದಲ್ಲಿ ಸೋತವಳು ಗೆದ್ದವಳಿಗೆ ಬೆಣ್ಣೆ ದೋಸೆ ಹೊಯ್ದುಕೊಡಬೇಕೆಂದು ನಾದಿನಿ ಶರತ್ತು ಹಾಕಿದಳು.

ಮಾರನೆಯ ದಿನ ಆಡಿದೆವು, ಸೋತೆವು. ಅವಳು ಮನೆಗೆಲಸಕ್ಕೆ ಎದ್ದು ಹೋದಳು. ನಾನು ಚಹಾ ಸೋಸಿಕೊಂಡು ಬಂದು, ಒಬ್ಬಳೇ ಕೂತು, ರೆಕಾರ್ಡ್ ಆದದ್ದನ್ನು ಹಚ್ಚಿದೆ. ಮೊದಲು ನನ್ನ ಧ್ವನಿ ಕೇಳಿಯೇ ಒಂದು ಥರ ಆಯಿತು. ಅಷ್ಟು ತೆಳ್ಳಗೆ, ಅಷ್ಟು ಖಚಿತವಾಗಿ ಮಾತಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಹಿಂದೆ ನಮ್ಮ ಗೇಟಿನ ಚಿಲಕದ ಸದ್ದು, ಹೂ ಮಾರುವವಳ ಕೂಗು. ಆಮೇಲೆ ಅಂಗಳ ಬಂತು.

ಬಿಳಿ ಚುಕ್ಕಿ ಎದುರಿನ ಬಾಗಿಲ ಮೇಲೆ ನಿಂತಿತ್ತು. ಎಡಕ್ಕೆ, ಪರದೆಯ ಕೆಳಭಾಗದಲ್ಲಿ, ಟ್ಯಾಂಕಿನ ಹಿಂದಿನಿಂದ ಕೆಂಪು ಜಾಕೆಟ್ಟಿನ ಒಬ್ಬ ಬಂದ. ಓಡಿ ಬರಲಿಲ್ಲ. ಮೊದಲು ಅವನ ಬೂಟು ಕಂಡಿತು, ಆಮೇಲೆ ಮೊಣಕಾಲು, ಆಮೇಲೆ ಇಡೀ ಆಳು. ಇಟ್ಟಿಗೆ ಗೋಡೆಗೆ ಬೆನ್ನು ಹಚ್ಚಿ ನಿಂತುಕೊಂಡ.

"ಎಡಕ್ಕೆ, ಅತ್ತಿಗಿ. ನಿಮ್ ಎಡಕ್ಕೆ ನಿಂತಾನೆ ನೋಡ್ರಿ," ಎಂದಿತು ನಾದಿನಿಯ ದನಿ.

"ನಾನು ನೋಡ್ತಾನೇ ಇದೀನಲ್ಲವ್ವ. ಯಾರೂ ಇಲ್ಲ. ಖಾಲಿ ಗೋಡೆ ಐತೆ ಅಷ್ಟೇ. ನೀನು ಬಾ," ಎಂದಿತು ನನ್ನ ದನಿ.

ಅವನು ಬಂದೂಕು ಎತ್ತಿದ. ನಾದಿನಿ ಬಂದಳು. ಮುಗಿಯಿತು. ಕೊನೆಗೆ ನನ್ನ ದನಿ ಕೇಳಿತು, "ಎಲ್ಲಿಂದ ಬಂದ ಇವನು?"

ಚಹಾ ಲೋಟ ಕೆಳಗಿಟ್ಟೆ. ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಅವನು ಮತ್ತೆ ಬಂದ, ಅಷ್ಟೇ ನಿಧಾನವಾಗಿ. ಅವಸರದಲ್ಲಿ ಗಮನಿಸಲಿಲ್ಲ ಎಂದಾಗಿದ್ದರೆ ನಾನು ಇದನ್ನು ಇಲ್ಲಿ ಬರೆಯುತ್ತಿರಲಿಲ್ಲ. ನಾನು ಗಮನಿಸಿದ್ದೆ. ಆ ಗೋಡೆ ನನಗೆ ಚೆನ್ನಾಗಿ ನೆನಪಿತ್ತು. ಇಟ್ಟಿಗೆಯ ಸಾಲು ಎಲ್ಲೂ ಕಡಿಯದೆ ಹೋಗಿತ್ತು, ಅದರ ಮುಂದೆ ಯಾರೂ ಇರಲಿಲ್ಲ. ನನ್ನ ಕಣ್ಣು ನೋಡಿದ್ದು ಒಂದು, ಟಿವಿ ತೋರಿಸುತ್ತಿದ್ದದ್ದು ಇನ್ನೊಂದು.

ಕಾಲೇಜಿನಿಂದ ಬಂದ ಮಗಳನ್ನು ಬಟ್ಟೆ ಬದಲಿಸಲೂ ಬಿಡದೆ, ಇದನ್ನು ಆಮೇಲೆ ಯಾರಾದರೂ ತಿದ್ದಬಹುದೇ ಎಂದು ಕೇಳಿದೆ. ಅವಳು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಹಿಂದಿನ ಆಟಗಳಲ್ಲಿ ಕೊನೆಯ ಒಂದು ಚೂರು ತಾನಾಗಿಯೇ ಉಳಿದುಕೊಂಡಿರುತ್ತದಂತೆ, ಅವನ್ನೂ ತೆಗೆದಳು. ಇಬ್ಬರೂ ಕೂತು ನೋಡಿದೆವು. ಬೇರೆ ಬೇರೆ ಕಾವಲಿನವರು, ಬೇರೆ ಬೇರೆ ಜಾಗ. ಎದುರಿನಿಂದಲೋ ಬಲದಿಂದಲೋ ಬಂದವನನ್ನು ನಾನು ಥಟ್ಟನೆ ಹಿಡಿಯುತ್ತಿದ್ದೆ. ಎಡದ ಕೆಳಮೂಲೆಯಿಂದ ಬಂದವನು ಮಾತ್ರ ನನಗೆ ಇದ್ದೂ ಇಲ್ಲದವನು. ಪ್ರತಿ ಚೂರಿನ ಕೊನೆಗೂ ಅದೇ ತೆಳ್ಳಗಿನ ದನಿ, ಎಲ್ಲಿಂದ ಬಂದ ಇವನು.

ಮಗಳು ಹರಿಹರಕ್ಕೆ ಫೋನ್ ಮಾಡಿದಳು. ಮಾರನೆಯ ಬೆಳಿಗ್ಗೆ ನಾದಿನಿ ಬಸ್ಸು ಹತ್ತಿ ಬಂದಳು. ಬಂದವಳೇ ದೋಸೆ ಕಾವಲಿ ಎಲ್ಲಿದೆ ಎಂದು ಕೇಳಿದಳು, ಗೆದ್ದವಳು ಕೇಳುವ ಧಾಟಿಯಲ್ಲೇ. ನಾನು ಅವಳನ್ನು ಟಿವಿಯ ಮುಂದೆ ಕೂರಿಸಿ, ಅವನು ಗೋಡೆಗೆ ಒರಗಿದ ಕಡೆ ಚಿತ್ರವನ್ನು ನಿಲ್ಲಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, ತಾನು ಎದ್ದು ನನ್ನನ್ನು ಅದೇ ಜಾಗದಲ್ಲಿ ಕೂರಿಸಿದಳು.

"ಪೂಜಿಗೆ ಕುಂತಂಗೆ ಕೂಡ್ರಿ ಅತ್ತಿಗಿ. ಆ ಬಿಳಿ ಚುಕ್ಕಿನೇ ಲಿಂಗ ಅನ್ಕೊಳ್ರಿ. ಕಣ್ಣು ಅಲ್ಲಾಡಿಸ್ಬ್ಯಾಡ್ರಿ."

ನಾನು ದೃಷ್ಟಿ ನಿಲ್ಲಿಸಿದೆ. ಅದು ನನಗೆ ಚೆನ್ನಾಗಿ ಬರುವ ಕೆಲಸ. ಚುಕ್ಕಿ ಕಂಡಿತು, ಬಾಗಿಲು ಕಂಡಿತು, ಬಲಕ್ಕಿದ್ದ ತುಕ್ಕು ಹಿಡಿದ ಲಾರಿ ಕಂಡಿತು. ಎಡಕ್ಕೆ ಇಟ್ಟಿಗೆಯ ಗೋಡೆ. ಗೋಡೆಯ ಮುಂದೆ ಕೆಂಪು ಜಾಕೆಟ್ಟಿನವನು ಇರಲಿಲ್ಲ. ಅವನಿರಬೇಕಾದ ಜಾಗ ಕಪ್ಪಾಗಿರಲಿಲ್ಲ, ಮಬ್ಬಾಗಿರಲಿಲ್ಲ. ಅವನಿರಲಿಲ್ಲ, ಅಷ್ಟೇ. ಕಣ್ಣನ್ನು ಒಂದಿಷ್ಟು ಅತ್ತ ಸರಿಸಿದೆ, ಬಂದುಬಿಟ್ಟ. ಮತ್ತೆ ಚುಕ್ಕಿಗೆ ತಂದೆ, ಹೋದ. ಮತ್ತೆ ಸರಿಸಿದೆ, ಬಂದ. ಹೀಗೆ ಎಷ್ಟು ಸಲ ಮಾಡಿದೆನೋ. ನಾದಿನಿ ನನ್ನ ಭುಜ ಹಿಡಿದು ನಿಲ್ಲಿಸಿದಳು. ಅವಳು ಕೂತು ನೋಡಿದರೆ, ಮಗಳು ಕೂತು ನೋಡಿದರೆ, ಚುಕ್ಕಿಯಿಂದ ಕಣ್ಣು ಸರಿಸದೆಯೂ ಅವನು ಕಾಣುತ್ತಿದ್ದ. ಕೆಂಪಗೆ, ಎದ್ದು ಕಾಣುತ್ತಿದ್ದ.

ದೋಸೆಯ ಮಾತು ಯಾರೂ ಎತ್ತಲಿಲ್ಲ. ನಾದಿನಿ ನನ್ನ ಎಡ ತೋಳನ್ನು ಮುಟ್ಟಿ ನೋಡಿದಳು. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ತಾಗಿ ತಾಗಿ ಅಲ್ಲಿ ಯಾವಾಗಲೂ ಒಂದು ಹಸಿರುಗಟ್ಟಿದ ಕಲೆ ಇರುತ್ತದೆ. ಮನೆಯಲ್ಲಿ ಅದು ತಮಾಷೆಯ ವಿಷಯವಾಗಿತ್ತು. ಚೌಕಟ್ಟಿಗೆ ನಿನ್ನ ಮೇಲೆ ಪ್ರೀತಿ ಎಂದು ಯಜಮಾನರು ಹೇಳುತ್ತಿದ್ದರು. ಅವಳಿಗೆ ಇನ್ನೊಂದು ನೆನಪಾಯಿತು. ಹಿಂದಿನ ತಿಂಗಳು ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹರಿಹರಕ್ಕೆ ಬಿಡಲು ಹೋಗಿದ್ದೆ. ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ಹಿರಿಯರು ಎಡದಿಂದ ಬಂದು, ಕೂದಲೆಳೆಯಲ್ಲಿ ತಪ್ಪಿ, ನಿಂತು ಬೈದರು. ಅವರು ಹೋದ ಮೇಲೆ ನಾನು ಎಲ್ಲಿಂದ ಬಂದರೋ ಎಂದಿದ್ದೆನಂತೆ. ದೂರದಿಂದಲೇ ಬೆಲ್ ಹೊಡೆದುಕೊಂಡೇ ಬಂದಿದ್ದರು, ನೀವು ನೋಡಿದ್ದೀರಿ ಅಂದುಕೊಂಡಿದ್ದೆ ಎಂದಳು ನಾದಿನಿ. ಹೇಳುತ್ತಾ ಅವಳ ದನಿ ಸಣ್ಣದಾಯಿತು. ಆ ಸ್ಕೂಟರಿನ ಮೇಲೆ ನಾನು ದಿನಾ ಮಗಳನ್ನು ಕಾಲೇಜಿಗೆ ಬಿಡುತ್ತಿದ್ದೆ.

ಅದೇ ದಿನ ಮಧ್ಯಾಹ್ನ ಪಿ.ಜೆ. ಬಡಾವಣೆಯ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ನಾನು ಅದುವರೆಗೆ ಕನ್ನಡಕದ ಅಂಗಡಿಗೆ ಮಾತ್ರ ಹೋದವಳು. ಅಲ್ಲಿ ಎದುರಿನ ಹಲಗೆಯ ಕೊನೆಯ ಸಾಲಿನ ಅಕ್ಷರವನ್ನೂ ಓದಿ ಶಹಭಾಸ್ ಅನ್ನಿಸಿಕೊಂಡು ಬರುತ್ತಿದ್ದೆ. ಇಲ್ಲಿಯೂ ಓದಿದೆ. ಆಮೇಲೆ ಕಣ್ಣೊಳಗಿನ ಒತ್ತಡ ನೋಡಿದರು, ದೀಪ ಹಿಡಿದು ಒಳಗೆ ನೋಡಿದರು, ಪಕ್ಕದ ಕತ್ತಲೆ ಕೋಣೆಗೆ ಕಳಿಸಿದರು.

ಅಲ್ಲಿದ್ದದ್ದೂ ಒಂದು ಆಟದಂತೆಯೇ ಇತ್ತು. ದೊಡ್ಡ ಬೋಗುಣಿಯಂಥ ಬಿಳಿಯ ಯಂತ್ರದೊಳಗೆ ಮುಖ ಇಡಬೇಕು, ಒಂದು ಕಣ್ಣು ಮುಚ್ಚಿರಬೇಕು, ನಡುವಿನ ಹಳದಿ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಸಣ್ಣ ಬೆಳಕು ಮಿಣುಕಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಒತ್ತಿದೆ, ಒತ್ತಿದೆ. ನಡುವೆ ಬಹಳ ಹೊತ್ತು ಬೆಳಕೇ ಬರಲಿಲ್ಲ. ಯಂತ್ರ ಕೆಟ್ಟಿತೇನೋ ಎಂದುಕೊಂಡೆ.

"ನಿಂತೈತೇನ್ರಿ ಇದು?" ಎಂದು ಕೇಳಿದೆ.

"ಇಲ್ರಿ, ನಡೀತೈತೆ," ಎಂದಳು ಯಂತ್ರದ ಆಚೆ ಕೂತಿದ್ದ ಹುಡುಗಿ, ಮೆತ್ತಗೆ.

ಬೆಳಕು ಬರುತ್ತಲೇ ಇತ್ತು. ನನ್ನ ಮುಖದ ಮುಂದೆ, ಗೇಣಿನಷ್ಟು ದೂರದಲ್ಲಿ, ಒಂದಾದ ಮೇಲೊಂದು ಹತ್ತಿ ಆರುತ್ತಿತ್ತು. ನಾನು ಖಾಲಿ ಬಿಳಿ ಗೋಡೆಯನ್ನು ನೋಡುತ್ತಾ ಕೂತಿದ್ದೆ. ಕಣ್ಣನ್ನು ಇಷ್ಟು ಚೆನ್ನಾಗಿ ನಿಲ್ಲಿಸುವವರು ಕಡಿಮೆ ಎಂದು ಆ ಹುಡುಗಿ ಹೊರಗೆ ಬಂದ ಮೇಲೆ ಹೊಗಳಿದಳು.

ಡಾಕ್ಟರು ಎರಡು ಕಣ್ಣಿನ ಚಿತ್ರಗಳನ್ನೂ ಮೇಜಿನ ಮೇಲಿಟ್ಟರು. ಎರಡರಲ್ಲೂ ಎಡದ ಕೆಳಭಾಗದಲ್ಲಿ ಮಸಿ ಚೆಲ್ಲಿದಂಥ ಕಪ್ಪು. ಗ್ಲಕೋಮಾ, ಕಣ್ಣೊಳಗಿನ ಒತ್ತಡಕ್ಕೆ ನರ ಸವೆಯುವ ರೋಗ ಎಂದರು. ಒಂದು ಕಣ್ಣು ಬಿಟ್ಟದ್ದನ್ನು ಇನ್ನೊಂದು ತುಂಬಿಕೊಡುತ್ತಿರುತ್ತದೆ, ಎರಡೂ ಬಿಟ್ಟ ಜಾಗವನ್ನು ಮನಸ್ಸು ಅಕ್ಕಪಕ್ಕದ ಬಣ್ಣ ಹಚ್ಚಿ ಮುಚ್ಚುತ್ತದೆ, ಅದಕ್ಕೇ ನಿಮಗೆ ಗೋಡೆ ಕಂಡಿತು ಎಂದು ಬಿಡಿಸಿ ಹೇಳಿದರು. ಹೋದದ್ದು ಬರುತ್ತದೆಯೇ ಎಂದು ನಾನು ಕೇಳಲಿಲ್ಲ. ನಾದಿನಿ ಕೇಳಿದಳು.

"ಹೋದದ್ದು ಬರಲ್ಲಮ್ಮ. ಇರೋದು ಬಹಳ ಐತೆ. ಅದನ್ನ ಉಳಿಸ್ಕೊಳ್ಳಾಕೆ ಹನಿ ಕೊಡ್ತೀನಿ. ಒಂದು ದಿನಾನೂ ಬಿಡ್ಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ನೋವಿಲ್ಲ, ಮಬ್ಬಿಲ್ಲ. ಮತ್ತೆ ಹೆಂಗೆ ಗೊತ್ತಾತ್ರಿ ನಿಮಗೆ?" ಎಂದರು.

ನಾನು ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ. ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು.

ಸ್ಕೂಟರಿನ ಕೀಲಿಯನ್ನು ಆ ಸಂಜೆ ನಾನೇ ಮಗಳ ಕೈಗೆ ಕೊಟ್ಟೆ. ಯಜಮಾನರು ಅಂಗಡಿಯಿಂದ ಬಂದವರು ಎಲ್ಲ ಕೇಳಿ, ಎದ್ದು ಹೋಗಿ ಅಡುಗೆಮನೆಯ ಚೌಕಟ್ಟಿನ ಎಡ ಅಂಚನ್ನು ಅಂಗೈಯಿಂದ ಸವರಿ ನೋಡಿದರು. ಎರಡು ದಿನದ ಮೇಲೆ ಅಲ್ಲಿಗೆ ಅಂಗಡಿಯ ಹಳೇ ಮಖಮಲ್ಲಿನ ತುಂಡೊಂದನ್ನು ಮಡಚಿ ಸುತ್ತಿದ್ದರು. ಚೌಕಟ್ಟಿನ ಪ್ರೀತಿಯ ಮಾತನ್ನು ಆಮೇಲೆ ಆಡಿಲ್ಲ.

ಬೆಳಿಗ್ಗೆ ಪೂಜೆಗೆ ಕೂತಾಗ ಈಗ ಒಂದು ಹೆದರಿಕೆ. ಲಿಂಗ ಸ್ಪಷ್ಟವಾಗಿ ಕಾಣುತ್ತದೆ, ಅದರ ಮೇಲಿನ ವಿಭೂತಿಯ ಗೆರೆ ಕಾಣುತ್ತದೆ. ಆದರೆ ಎಡಕ್ಕಿಟ್ಟ ಗಂಟೆಯೂ ಹೂವಿನ ಬುಟ್ಟಿಯೂ ಇವೆಯೋ, ಇಲ್ಲ ಅಲ್ಲಿ ಬರೀ ಚಾಪೆಯನ್ನು ಮನಸ್ಸು ಹಾಸಿ ತೋರಿಸುತ್ತಿದೆಯೋ ಎಂದು ಸಂಶಯ ಬರುತ್ತದೆ. ಕೈ ಚಾಚಿ ಮುಟ್ಟಿ ನೋಡುತ್ತೇನೆ. ದೃಷ್ಟಿ ಸರಿಸಬಾರದೆಂದು ಕಲಿತವಳು ಈಗ ಸರಿಸುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.

ಆಟ ಬಿಡಬೇಕಿಲ್ಲ ಎಂದು ಡಾಕ್ಟರು ಹೇಳಿದ್ದರು. ಒಂದಿಷ್ಟು ದಿನ ನನಗೇ ಅದನ್ನು ಹಚ್ಚಲು ಧೈರ್ಯವಾಗಲಿಲ್ಲ. ಹೋದ ವಾರ ನಾದಿನಿ ಹರಿಹರದಿಂದ ಫೋನ್ ಮಾಡಿ, ಟ್ಯಾಂಕಿನವನು ನಿಮ್ಮನ್ನು ಕೇಳುತ್ತಿದ್ದಾನೆ ಎಂದಳು. ಕೂತೆ. ರೆಕಾರ್ಡ್ ಹಚ್ಚಿಕೊಂಡೇ ಕೂತೆ.

ಅಂಗಳ ಬಂತು. ಎದುರಿಗೆ ಬಾಗಿಲು, ಬಲಕ್ಕೆ ಲಾರಿ, ಎಡಕ್ಕೆ ಇಟ್ಟಿಗೆಯ ಗೋಡೆ, ಸಾಲು ಎಲ್ಲೂ ಕಡಿದಿರಲಿಲ್ಲ.

"ಎಡಕ್ಕೆ, ಅತ್ತಿಗಿ," ಎಂದಳು.

ಖಾಲಿ ಗೋಡೆ ನನ್ನ ಕಣ್ಣ ಮುಂದೇ ಇತ್ತು. ಯಾರೂ ಇಲ್ಲ ಎನ್ನುವ ಮಾತು ಬಾಯಿಯವರೆಗೆ ಬಂತು. ತಿರುಗಿದೆ. ಕೆಂಪು ಜಾಕೆಟ್ಟಿನವನು ನಿಂತಿದ್ದ, ಬಂದೂಕು ಅರ್ಧ ಎತ್ತಿ. ಹೊಡೆದೆ. ಆಚೆಯಿಂದ ನಾದಿನಿ ಚಪ್ಪಾಳೆ ತಟ್ಟಿದಳು, ಗೇಟಿನ ಕಡೆ ನಡೆಯಿರಿ ಎಂದು ಅವಸರಿಸಿದಳು. ನಾನು ಚುಕ್ಕಿಯನ್ನು ಆ ಗೋಡೆಯ ಮೇಲೇ ಹಿಡಿದಿದ್ದೆ.

ಆ ರೆಕಾರ್ಡನ್ನು ಆಮೇಲೆ ಹಚ್ಚಿ ನೋಡಿದೆ. ಅವಳು ಎಡಕ್ಕೆ ಎಂದ ಮೇಲೆ ಬಿಳಿ ಚುಕ್ಕಿ ಸ್ವಲ್ಪ ಹೊತ್ತು ಬಾಗಿಲ ಮೇಲೇ ನಡುಗುತ್ತದೆ, ಆಮೇಲೆ ತಿರುಗುತ್ತದೆ. ಅಷ್ಟು ಹೊತ್ತೂ ಅವನು ಎದ್ದು ಕಾಣುತ್ತಾ ನಿಂತಿದ್ದಾನೆ. ಹೆಡ್‌ಫೋನಿನಲ್ಲಿ ನನ್ನ ಮಾತಿಲ್ಲ. ಬರೀ ಉಸಿರು ಕೇಳುತ್ತದೆ.