ಇನ್ನೊಂದು ಬಾಟ್ಲಿ

ನಮ್ಮ ಸೋದರಮಾವ ನೌಕಾಪಡೆಯಿಂದ ನಿವೃತ್ತರಾಗಿ ವಿಶಾಖಪಟ್ಟಣದ ಗಾಜುವಾಕದಲ್ಲೇ ಮನೆ ಮಾಡಿದವರು. ಊರು ಧಾರವಾಡದ ಕಡೆ, ಹೆಂಡತಿ ವಿಜಯವಾಡದವರು. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಅನ್ನುವುದನ್ನೂ ಹಡಗಿನ ಮೇಲೆ ನಿಂತು ಆಜ್ಞೆ ಕೊಟ್ಟ ಹಾಗೆ ಹೇಳುತ್ತಿದ್ದರು. ನಾನು ಮೊಟ್ಟಮೊದಲು ಅಣಕಿಸಲು ಕಲಿತದ್ದು ಆ ದನಿಯನ್ನೇ. ಆದರೆ ಒಂದೇ ಉಸಿರಿನಲ್ಲಿ ಉದ್ದಕ್ಕೆ ಬೈಯುವ ಅವರ ತಾಕತ್ತು ನನಗೆ ಕೊನೆಗೂ ಬರಲಿಲ್ಲ. ಅರ್ಧಕ್ಕೇ ಕೆಮ್ಮು ಬರುತ್ತಿತ್ತು.

ಒಮ್ಮೆ ವಿಜಯವಾಡದಲ್ಲಿ, ಅತ್ತೆಯ ತವರಿನಲ್ಲಿದ್ದಾಗ ಮಾವನಿಗೆ ಜ್ವರ ಬಂತು. ಸುಸ್ತು ಎಂದರೆ ಸೆಲೈನ್ ಬಾಟ್ಲಿ, ಇದು ಅಲ್ಲಿನವರ ನಂಬಿಕೆ, ನಮ್ಮವರದೂ ಅಷ್ಟೆ. ಅತ್ತೆ ಓಣಿಯ ಡಾಕ್ಟರ ಪಕ್ಕ ನಿಂತು ಬಾಟ್ಲಿಯ ಮೇಲೆ ಬಾಟ್ಲಿ ಹಾಕಿಸಿದರು. ಸಂಜೆಯ ಹೊತ್ತಿಗೆ ಮಾವ ಎರಡು ಪದಕ್ಕೊಮ್ಮೆ ನಿಂತು ಉಸಿರು ಹುಡುಕತೊಡಗಿದರು. ಹೃದಯ ಬಲಹೀನವಾಗಿದೆ, ಹೆಚ್ಚಾದ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತಿದೆ ಎಂದು ಆಮೇಲೆ ಗೊತ್ತಾಯಿತು. ಅತ್ತೆ ಹೃದಯದ ತಪ್ಪನ್ನು ಒಪ್ಪಿದರು, ಬಾಟ್ಲಿಯದನ್ನು ಒಪ್ಪಲಿಲ್ಲ. "ಅದರಾಗ ಏನೈತಿ ಪಾಪ, ನೀರೇ ಕದಾ, ಬರೇ ನೀರಲ್ಲೇನು?" ಎಂದರು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ.

ಅದಾದ ಮೇಲೆ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ವಿಶಾಖಪಟ್ಟಣದಲ್ಲಿ, ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ. ನಾನಲ್ಲಿ ಅರಿವಳಿಕೆ ಟೆಕ್ನಿಷಿಯನ್: ಯಂತ್ರ ಸಿದ್ಧಮಾಡುವುದು, ಡ್ರಿಪ್ ಏರಿಸುವುದು, ಮಿಕ್ಕ ಹೊತ್ತಿನಲ್ಲಿ ಸರ್ಜನ್ನರ ಕೆಮ್ಮನ್ನು ಅಣಕಿಸುವುದು. ಅರಿವಳಿಕೆಯ ಮೇಡಂ ಮೊದಲೇ ಹೇಳಿಬಿಟ್ಟರು: "ಇವರಿಗೆ ನೀರು ಹೆಚ್ಚಾದರೆ ಶ್ವಾಸಕೋಶ, ಕಡಿಮೆಯಾದರೆ ಕಿಡ್ನಿ. ನಡುವೆ ಜಾಗ ಬಹಳ ಇಲ್ಲ. ನೀನು ಒಳಗೆ ಬಾ, ನಿನ್ನ ನಾಟಕ ಹೊರಗಿರಲಿ."

ಬಾಗಿಲಲ್ಲಿ ಅತ್ತೆ ತಮ್ಮ ತವರಿನ ಇಂದ್ರಕೀಲಾದ್ರಿ ಬೆಟ್ಟದ ದೇವಿಯ ಕುಂಕುಮವನ್ನು ನನ್ನ ಹಣೆಗೆ ಇಟ್ಟರು.

"ಬಾಬೂ, ಒಳಗ ನೀನ ಇರ್ತೀಯಲ್ಲಾ?"

"ಹೌದತ್ತಿ."

"ಬಾಟ್ಲಿಗೆ ಕಂಜೂಸ್‌ತನ ಮಾಡಬ್ಯಾಡ. ಬ್ಯಾರೇದವರಿಗೆ ಎರಡು ಹಾಕಿದ್ರ ನಮ್ಮವರಿಗೆ ನಾಲ್ಕು ಹಾಕು. ಮನೀ ಹುಡುಗ ಇದ್ದು ಏನು ಬಂತು?"

ಒಳಗೆ ಹೊಟ್ಟೆ ತೆರೆದ ಮೇಲೆ ಎಂದಿನ ಚೌಕಾಸಿ ಶುರುವಾಯಿತು. ಸರ್ಜನ್‌ಗಳು ಹೋದ ರಕ್ತವನ್ನು ಯಾವತ್ತೂ ಕಡಿಮೆ ಹೇಳುತ್ತಾರೆ, ಅರಿವಳಿಕೆಯವರು ಹೆಚ್ಚು ಹೇಳುತ್ತಾರೆ.

"ಒಂದು ಲೋಟ ಹೋಗಿರಬಹುದು," ಎಂದರು ಸರ್ಜನ್.

"ಯಾರ ಮನೆಯ ಲೋಟ ಸರ್?" ಎಂದರು ಮೇಡಂ.

ರಕ್ತದಲ್ಲಿ ನೆನೆದ ಬಟ್ಟೆಗಳನ್ನು ತೂಗಿ ನ್ಯಾಯ ತೀರಿಸಿದ್ದಾಯಿತು. ಹೋದಷ್ಟನ್ನು ಮೇಡಂ ತುಂಬಿಸಿಕೊಟ್ಟರು.

ಸ್ವಲ್ಪ ಹೊತ್ತಿಗೆ ಬಿ.ಪಿ. ಇಳಿಯತೊಡಗಿತು. ಮೂತ್ರದ ಚೀಲ ನೋಡಿದೆ, ಹನಿಯೂ ಕಷ್ಟದಲ್ಲಿ ಬೀಳುತ್ತಿತ್ತು. ಕಿವಿಯಲ್ಲಿ ಅತ್ತೆಯ ದನಿ. ಕೈ ತಾನಾಗಿ ಡ್ರಿಪ್‌ನ ಚಕ್ರದ ಮೇಲೆ ಹೋಯಿತು.

"ಕೈ ತೆಗಿ," ಎಂದರು ಮೇಡಂ. "ಮೊದಲು ಅಲೆ ನೋಡು."

ಮಾವನ ಮಣಿಕಟ್ಟಿನ ನಾಡಿಗೆ ಸಣ್ಣ ನಳಿಕೆ ಹಾಕಿದ್ದರು. ಒಂದೊಂದು ಮಿಡಿತವೂ ಪರದೆಯ ಮೇಲೆ ಅಲೆಯಾಗಿ ಬರುತ್ತಿತ್ತು. ಮೈಯಲ್ಲಿ ನೀರು ಸಾಲದಿದ್ದರೆ, ಯಂತ್ರ ಕೊಡುವ ಪ್ರತಿ ಉಸಿರಿಗೂ ಆ ಅಲೆಗಳು ಏರಿಳಿದು ತೂಗಾಡುತ್ತವೆ. ಮಾವನ ಅಲೆಗಳು ಕುಳ್ಳಗಿದ್ದವು, ಆದರೆ ಎಲ್ಲ ಒಂದೇ ಎತ್ತರಕ್ಕೆ ಕವಾಯತು ನಡೆಸುತ್ತಿದ್ದವು. ಆದರೂ ಮೇಡಂ ಪರೀಕ್ಷೆಗೆಂದು ಸಿರಿಂಜಿನಲ್ಲಿ ಸ್ವಲ್ಪವೇ ಸೆಲೈನ್ ಕೊಟ್ಟು ನೋಡಿದರು. ಅಲೆ ಎತ್ತರವಾಗಲಿಲ್ಲ.

"ನೀರು ಸಾಕಷ್ಟಿದೆ. ಅರಿವಳಿಕೆಗೆ ರಕ್ತನಾಳ ಸಡಿಲವಾಗಿದೆ, ಅದನ್ನು ಬಿಗಿ ಮಾಡಬೇಕು," ಎಂದು ಬೇರೆ ಔಷಧಿಯನ್ನು ಸಣ್ಣಗೆ ಹರಿಯಬಿಟ್ಟರು. ಬಿ.ಪಿ. ಮೇಲೆ ಬಂತು.

"ಮೂತ್ರ, ಮೇಡಂ?"

"ಕೊಯ್ಯುವ ಹೊತ್ತಲ್ಲಿ ಮೈ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಚೀಲ ನೋಡಿ ಗಾಬರಿಯಾದರೆ ಬಾಟ್ಲಿ ಏರಿಸುವುದಾ?"

ಆಪರೇಷನ್ ಮುಗಿದು ನಾನು ಬಾಗಿಲು ದಾಟುತ್ತಲೇ ಅತ್ತೆ ಕೇಳಿದರು, "ಎಷ್ಟು ಹಾಕಿದ್ರು?" ಇದ್ದದ್ದನ್ನು ಹೇಳಿದೆ. ಮದುವೆಯೂಟದಲ್ಲಿ ನಮ್ಮ ಪಂಕ್ತಿಗೆ ಮಾತ್ರ ಲಾಡು ಬಡಿಸದೆ ಹೋದವನನ್ನು ನೋಡುವ ಹಾಗೆ ನೋಡಿದರು.

ಮರುದಿನ ಬೆಳಿಗ್ಗೆ ಐಸಿಯುನಲ್ಲಿ ಮಾವನ ಗಂಟಲ ನಳಿಕೆ ತೆಗೆದಿದ್ದರು. ಮೂತ್ರ ಸರಿಯಾಗಿ ಬರುತ್ತಿತ್ತು. ಉಳಿದದ್ದು ಶ್ವಾಸಕೋಶ. "ಮಾತಾಡಿಸು, ಉಸಿರು ನೋಡಬೇಕು," ಎಂದರು ಮೇಡಂ. ಏನು ಕೇಳಿದರೂ ಮಾವ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು. ಬೇರೆ ದಾರಿ ಕಾಣದೆ ಅವರ ದನಿ ತೆಗೆದೆ: "ಯಾರಲೇ ಅಲ್ಲಿ! ಈ ಉಪ್ಪಿಟ್ಟಿನಾಗ ಉಪ್ಪೇ ಇಲ್ಲ!"

ನರ್ಸ್ ಬೆಚ್ಚಿದರು. ಮಾವ ಕಣ್ಣು ತೆರೆದರು.

"ಏ ಮಂಗ್ಯಾ, ಹೊಟ್ಟಿ ಕೊಯ್ಸ್ಕೊಂಡು ಮಲಗಿದವನ ಮುಂದ ನಿಂತು ಅವನ ದನಿ ಅವಂಗ ಕೇಳಸ್ತೀಯಲ್ಲಾ, ನಿನಗ ಪಗಾರ ಕೊಡೋರು ಯಾರಲೇ, ಮೊದಲ ಹೋಗಿ ಆ ಗಡ್ಡಾ ಬೋಳಿಸ್ಕೊಂಡು ಬಾ!"

ದನಿ ಸಣ್ಣದಿತ್ತು. ಬೈಗುಳ ನನಗೆ ತಾಗಲೇ ಇಲ್ಲ, ಅದು ಎಲ್ಲಿ ತುಂಡಾಗುತ್ತದೆ ಎಂದು ಕಾಯುತ್ತಿದ್ದೆ. ಎಲ್ಲೂ ತುಂಡಾಗಲಿಲ್ಲ. ಮೇಡಂ ಮಾವನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ನನ್ನತ್ತ ನೋಡಿ ಸರಿಯಿದೆಯೆಂದು ತಲೆಯಾಡಿಸಿದರು.

ಓಡಿ ಹೋಗಿ ಅತ್ತೆಗೆ ಪೂರ್ತಿ ಬೈಗುಳವನ್ನು ಒಪ್ಪಿಸಿದೆ. ನಡುವೆ ಎರಡು ಸಲ ಕೆಮ್ಮಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇನ್ನೊಂದು ಬಾಟ್ಲಿ ಹಾಕಿದ್ರ," ಎಂದರು, "ಇನ್ನೂ ಗಟ್ಟಿಯಾಗಿ ಬೈತಿದ್ರು."