ದಿಲ್ಲಿಗೆ ಹೊರಟ ಹಾಸು

ನನ್ನ ಅತ್ತೆ ಗಜೇಂದ್ರಗಡದ ಮನೆಯಲ್ಲಿ ಮಗ್ಗದ ಮುಂದೆಯೇ ತಲೆಗೂದಲು ಬೆಳ್ಳಗಾಗಿಸಿಕೊಂಡವರು. ದಿಲ್ಲಿಯ ಕೈಮಗ್ಗ ಮೇಳಕ್ಕೆ ಹೋಗಿ, ಜನರೆದುರು ಕೂತು ಸೀರೆ ನೇಯ್ದು ತೋರಿಸುವುದೆಂದರೆ ಅವರಿಗೆ ಹಬ್ಬ. ಆದರೆ ಹಿಂದಿನ ಸಲ ರೈಲಿನಿಂದ ಇಳಿಯುವಾಗ ಅವರ ಎರಡೂ ಮೊಣಕಾಲು ಊದಿ, ಹಮಾಲರ ಗಾಡಿಯ ಮೇಲೆ ಕೂರಿಸಿಕೊಂಡು ಹೊರಗೆ ತರಬೇಕಾಯಿತು. ಆಮೇಲೆ ಬಂದ ಕರೆಗಳಿಗೆಲ್ಲ ಅವರು ಆಗುವುದಿಲ್ಲ ಎಂದುಬಿಟ್ಟರು.

ನನ್ನ ತವರು ರೋಣ. ಅಲ್ಲಿ ನನ್ನ ತಮ್ಮ ಬಸ್ಸು, ರೈಲು, ವಿಮಾನದ ಟಿಕೆಟ್ ತೆಗೆದುಕೊಡುವ ಅಂಗಡಿ ಇಟ್ಟಿದ್ದಾನೆ. ಈ ಸಲ ಮೇಳದ ಕರೆ ಬಂದಾಗ ಅವನೇ ಫೋನ್ ಮಾಡಿದ.

"ಅಕ್ಕಾ, ಹುಬ್ಬಳ್ಳಿಂದ ಸೀದಾ ದಿಲ್ಲಿಗೆ ಹೊಸಾ ಅಗ್ಗದ ವಿಮಾನ ಬಂದೈತಿ. ಅದನ್ನ ನೋಡಿ ಹಳೇ ದೊಡ್ಡ ಕಂಪನಿಯವರೂ ದರ ಇಳಿಸ್ಯಾರ. ಇಬ್ಬರೂ ಜಿದ್ದಿಗೆ ಬಿದ್ದಾರ. ಅತ್ತಿಯವರನ್ನ ಕರಕೊಂಡ ಹೋಗೂದಿದ್ರ ಈಗ ಹೋಗು."

ನಾವು ಅಗ್ಗದ್ದನ್ನೇ ಆರಿಸಿಕೊಂಡೆವು. ಅದರಲ್ಲಿ ಸಾಮಾನಿಗೆ ಬಿಗಿ, ಕುಡಿಯುವ ನೀರನ್ನೂ ಕೊಂಡುಕೊಳ್ಳಬೇಕು ಎಂದು ತಮ್ಮ ಮೊದಲೇ ಹೇಳಿದ್ದ.

"ನೀರಿಗೂ ರೊಕ್ಕಾ? ನಾ ಮನ್ಯಾಗ ಹೊಟ್ಟಿತುಂಬ ಕುಡದ ಹೊಕ್ಕೀನಿ," ಎಂದರು ಅತ್ತೆ.

ಅವರಿಗೆ ಕಷ್ಟವಾದದ್ದು ಹಾಸಿನ ವಿಷಯ. ಮೇಳದವರು ಬರೀ ಮಗ್ಗ ಕೊಡುತ್ತಾರೆ. ಅದಕ್ಕೆ ಹೂಡುವ ಉದ್ದೆಳೆಗಳನ್ನು, ಅಂದರೆ ಹಾಸನ್ನು, ನಾವೇ ಒಯ್ಯಬೇಕು. ಇಡೀ ಸೀರೆಯ ಹಾಸು ಸುತ್ತಿದ ಡಬ್ಬಿ ಉದ್ದವೂ ಹೌದು, ಭಾರವೂ ಹೌದು. ಕೊನೆಗೆ ಅರ್ಧ ಮೊಳ ಅಗಲದ ತುಂಡು ಹಾಸೊಂದನ್ನು ಒಯ್ಯುವುದೆಂದು ಒಪ್ಪಿಕೊಂಡರು. "ಸೀರಿ ಅಂತ ಹೇಳಿ ಕರ್ಚೀಪ ನೇಯ್ದಂಗ ಆತು," ಎಂದು ಗೊಣಗುತ್ತಲೇ ಪಕ್ಕದ ಮನೆಯಾಕೆಯಿಂದ ದಿಲ್ಲಿಯ ಚಳಿಗೆ ಸ್ವೆಟರ್ ಇಸಿದುಕೊಂಡು ಬಂದರು.

ಹೊರಡುವ ವಾರ ನನ್ನ ಮೊಬೈಲಿಗೆ ಸಂದೇಶ ಬಂತು: ನಮ್ಮ ವಿಮಾನ ರದ್ದು. ಹೊಸ ಕಂಪನಿ ಹುಬ್ಬಳ್ಳಿಯ ಹಾರಾಟವನ್ನೇ ನಿಲ್ಲಿಸಿತ್ತು. ಮೊಬೈಲು ಹಿಡಿದುಕೊಂಡೇ ಮಗ್ಗದ ಹತ್ತಿರ ಹೋದೆ. ಅತ್ತೆ ನನ್ನ ಮುಖ ನೋಡಿದರು, ಲಾಳಿ ನಿಲ್ಲಿಸಿದರು. ನಾನು ವಿಷಯ ಹೇಳಿದೆ. ನಿಧಾನಕ್ಕೆ ಎದ್ದು ಹೋಗಿ ಸ್ವೆಟರ್ ವಾಪಸ್ಸು ಕೊಟ್ಟು ಬಂದರು. ಅದನ್ನು ನೋಡಲಾರದೆ ನಾನು ರೋಣದ ಬಸ್ಸು ಹತ್ತಿದೆ.

ಎದುರಾಳಿ ಹೋದಮೇಲೆ ದೊಡ್ಡ ಕಂಪನಿ ದರ ಏರಿಸದೆ ಬಿಡುತ್ತದೆಯೇ ಎಂಬುದೇ ದಾರಿಯುದ್ದಕ್ಕೂ ನನ್ನ ಚಿಂತೆ. ಅಂಗಡಿಗೆ ಹೋಗಿ ಅದನ್ನೇ ಕೇಳಿದರೆ, ತಮ್ಮ ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳಿದ: "ಇನ್ನೂ ಏರಿಸಿಲ್ಲಕ್ಕಾ. ಬೆಂಗಳೂರಾಗ ಇಳದು ವಿಮಾನ ಬದಲ ಮಾಡಬೇಕು, ಅಷ್ಟ. ಸಾಮಾನೂ ಹೆಚ್ಚಿಗಿ ಒಯ್ಯಾಕ ಬಿಡ್ತಾರ. ಲಗೂ ಹೇಳು, ಸಂಜಿತನಕಾ ಇದ ದರ ಇರತೈತಿ ಅಂತ ಹೇಳಾಕಾಗೂದಿಲ್ಲ."

ಮನೆಯಲ್ಲಿ ಯಾರನ್ನೂ ಕೇಳದೆಯೇ, "ಟಿಕೆಟ್ ಮಾಡು," ಎಂದೆ.

ಮನೆಗೆ ಬಂದು, "ಹೋಗೂದ ಖರೇರಿ ಅತ್ತಿ. ಇಡೀ ಹಾಸ ಒಯ್ಯಬಹುದಂತ," ಎಂದಾಗ ಅವರ ಬಾಯಿಂದ ಮೊದಲು ಬಂದ ಮಾತು: "ಅಯ್ಯ, ಸ್ವೆಟರ್ ಕೊಟ್ಟ ಬಂದ್ನೆಲ್ಲೇ! ಆಕಿ ತಿರಗಿ ಕೊಡ್ತಾಳೋ ಇಲ್ಲೋ!"

ಕೊಟ್ಟಳು.

ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ಸಾಮಾನು ತೂಗುವ ಹುಡುಗಿ ನಮ್ಮ ಉದ್ದನೆಯ ಡಬ್ಬಿಯನ್ನು ಕಂಡು ಕೇಳಿದಳು: "ಇದ್ರಾಗ ಏನೈತ್ರಿ ಅಮ್ಮಾ?"

"ಸೀರಿ."

"ಸೀರಿಗೆ ಇಷ್ಟುದ್ದ ಡಬ್ಬೀನ್ರಿ?"

"ಇನ್ನೂ ಸೀರಿ ಆಗಿಲ್ಲವ್ವಾ. ದಿಲ್ಲ್ಯಾಗ ಆಕ್ಕೈತಿ."

ಹುಡುಗಿ ನಕ್ಕು, ಜೋಪಾನವಾಗಿ ಎತ್ತಿಡಬೇಕೆಂಬ ಕೆಂಪು ಚೀಟಿ ಅಂಟಿಸಿದಳು. ಬೆಂಗಳೂರಿನಲ್ಲಿ ಗಾಲಿಕುರ್ಚಿ ಸಿಕ್ಕಿತು. ದಿಲ್ಲಿಯಲ್ಲಿ ಇಳಿದಾಗ ಅತ್ತೆ ತಮ್ಮ ಕಾಲ ಮೇಲೆ ತಾವೇ ನಡೆದರು.

ಆದರೆ ಸಾಮಾನು ಬರುವ ಪಟ್ಟೆಯ ಮೇಲೆ ಎಲ್ಲರ ಚೀಲ ಬಂದವು, ನಮ್ಮ ಡಬ್ಬಿ ಬರಲಿಲ್ಲ. ಜನ ಖಾಲಿಯಾದರು, ಪಟ್ಟೆ ನಿಂತಿತು. ವಿಮಾನ ಬದಲಿಸುವಾಗ ಬೆಂಗಳೂರಿನಲ್ಲೇ ಉಳಿಯಿತೇನೋ ಎಂದು ಹೆದರಿದೆ. ಅತ್ತೆ ಬೆಂಚಿನ ಮೇಲೆ ಕೂತರು. ಅಲ್ಲಿದ್ದ ಸಿಬ್ಬಂದಿಯವನಿಗೆ ಹರಕುಮುರುಕು ಹಿಂದಿಯಲ್ಲಿ, ಕೈ ಅಗಲಿಸಿ ಡಬ್ಬಿಯ ಉದ್ದ ತೋರಿಸಿದೆ. ಉದ್ದನೆಯ ಸಾಮಾನು ಪಟ್ಟೆಯ ಮೇಲೆ ಬರುವುದೇ ಇಲ್ಲ ಎಂದ ಆತ, ಮೂಲೆಯ ಬಾಗಿಲಿನತ್ತ ಕರೆದೊಯ್ದ. ಅಲ್ಲಿ ನಮ್ಮ ಡಬ್ಬಿಯನ್ನು ಗೋಡೆಗೆ ಆನಿಸಿಟ್ಟಿದ್ದರು. ಕಟ್ಟಿದ ಹಗ್ಗ ಕೂಡ ಸಡಿಲಾಗಿರಲಿಲ್ಲ.

ಅತ್ತೆ ಅಲ್ಲೇ ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿಸಿದರು. ಎಳೆಗಳ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಅಂಗೈ ಆಡಿಸಿದರು.

"ಒಂದ ಎಳಿನೂ ಹರದಿಲ್ಲ," ಎಂದು ಉಸಿರು ಬಿಟ್ಟರು. "ನಡಿ, ಎಲ್ಲರೆ ಚಾ ಸಿಗತೈತೇನ ನೋಡೂಣು."

ಸಿಕ್ಕಿದ ಚಹಾ ನೀರುನೀರಾಗಿತ್ತು, ಸಕ್ಕರೆಯೂ ಇರಲಿಲ್ಲ. ಮನೆಯಲ್ಲಾಗಿದ್ದರೆ ಅಂಥದ್ದನ್ನು ಮೂಸಿಯೂ ನೋಡುತ್ತಿರಲಿಲ್ಲ. ಭಾಳ ಚಲೋ ಐತಿ ಎಂದು ಅತ್ತೆ ಇನ್ನೊಂದು ಕಪ್ ತರಿಸಿ ಕುಡಿದರು.